ನಿಮ್ಮ ಗರುಡ ಊಟ ಮಾಡುದು ಎಲ್ಲಿ?

ನಮಸ್ಕಾರ. ನಗರದ ಸುತ್ತಲಿನ ಪ್ರಾಣಿ-ಪಕ್ಷಿಗಳ ಮೈಯಲ್ಲಿ ಸೇರುವ ಭಾರಲೋಹದ (ಪಾದರಸ, ಸೀಸ, ಕ್ಯಾಡ್ಮಿಯಂನಂಥ ವಿಷಲೋಹ) ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕ್ಲಿಕ್ಕೆ ಆಗುದಿಲ್ಲ, ಬಿಸಾಡ್ಲಿಕ್ಕೂ ಮನಸ್ಸಿಲ್ಲ, ಯಾಕಂದ್ರೆ ನಾಲ್ಕನೇ ಪುಟದಲ್ಲಿ ಒಂದು ಗರುಡ ಉಂಟಲ್ಲ, ಮೀನಿನ ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ ಬುಟ್ಟಿಯಿಂದ ಮೀನು ಎತ್ಕೊಂಡು ಹಾರ್ತಾ ಹಾರ್ತಾನೇ ಕಾಲಲ್ಲಿ ಹಿಡಿದು ತಿನ್ನುದು, ಅದು ನೀವು ಕಣ್ಣಾರೆ ನೋಡಿದ್ದು ಅಂತ ಓದುವಾಗಲೇ ಗೊತ್ತಾಗ್ತದೆ. ಅದಕ್ಕಿಂತ ಮುಂಚಿನ ಮೂರು ಪುಟ ಬರೀ ಶಾಲೆ ಪಾಠ, ತೆಗೀರಿ.

ಆದ್ರೆ ಎಡವಿದ್ದೂ ಅಲ್ಲೇ. ಅದರ ಗರಿ ಟೆಸ್ಟ್ ಮಾಡಿದ್ರೆ ಮಂಗಳೂರಿನ ಪಾದರಸ ಎಷ್ಟು ಅಂತ ಗೊತ್ತಾಗ್ತದೆ ಅಂತ ಬರ್ದಿದ್ದೀರಿ. ಹೇಗೆ ಮಾರಾಯ್ರೆ? ಬೂತಾಯಿ ಮೀನು ಆದ್ರೆ ಇಲ್ಲೇ ಕರಾವಳಿಯದ್ದು ಅನ್ನುವ, ಆಳಸಮುದ್ರದ ಬೋಟಿನವರು ದಿನಗಟ್ಟಲೆ ದೂರ ಹೋಗಿ ತಂದ ಮೀನಾದ್ರೆ? ಗರಿ ಬೆಳೆಯುವಾಗ ರಕ್ತದಲ್ಲಿ ಬಂದ ಪಾದರಸ ಅದರಲ್ಲೇ ಉಳೀತದೆ, ಬೆಳೆದು ಮುಗಿದ ಮೇಲೆ ರಕ್ತ ಹೋಗುದು ನಿಲ್ತದೆ, ಹಾಗಾಗಿ ಒಂದು ಗರಿ ಅಂದ್ರೆ ಆ ಕೆಲವು ವಾರದ ಊಟದ ಲೆಕ್ಕ, ಊರಿನದ್ದಲ್ಲ.

ಊರಿನ ಮಣ್ಣಿನ ಲೆಕ್ಕ ಬೇಕಾದ್ರೆ ಊರು ಬಿಟ್ಟು ಹೋಗದ ಪ್ರಾಣಿ ಬೇಕು. ಸುಂಡಿಲಿ! ನಿಮ್ಮಲ್ಲಿ ಒಂದೇ ಗೆರೆಯಲ್ಲಿ ಬಂದು ಹೋಗ್ತದೆ ಪಾಪ. ಎರೆಹುಳ ಮಣ್ಣು ನುಂಗ್ತದೆ, ಸುಂಡಿಲಿ ಎರೆಹುಳ ತಿಂತದೆ, ಮಣ್ಣಲ್ಲಿದ್ದ ಕ್ಯಾಡ್ಮಿಯಂ ಹಾಗೇ ಬಂದು ಅದರ ಕಿಡ್ನಿಯಲ್ಲಿ ಕೂರ್ತದೆ, ಸೀಸ ಆದ್ರೆ ಎಲುಬಲ್ಲಿ, ಕ್ಯಾಲ್ಸಿಯಂ ಇರಬೇಕಾದ ಜಾಗದಲ್ಲಿ. ಇದನ್ನು ಬಿಡಿಸಿ ಬರೀರಿ, ವಾಸನೆ ಅಂತ ಮೂಗು ಮುಚ್ಚಬೇಡಿ.

ಮತ್ತೆ ಹೊಳೆಬದಿಯ ಕಾಗೆ ಸೀಸದಿಂದಲೇ ಸತ್ತದ್ದು ಅಂತ ಹೇಳಿದ್ದು ಯಾರು? ಕರೆಂಟ್ ಹೊಡೆದು ಸತ್ತಿರ್ಲಿಕ್ಕೂ ಸಾಕು. ಸೂಚಕ ಪ್ರಾಣಿ, ಅಂದ್ರೆ ಸುತ್ತ ವಿಷ ಎಷ್ಟುಂಟು ಅಂತ ತೋರಿಸುವ ಪ್ರಾಣಿ, ಸಾಯ್ಲೇಬೇಕು ಅಂತ ಇಲ್ಲ, ಆರಾಮಲ್ಲಿ ಓಡಾಡುವುದರ ಮೈಯಲ್ಲೂ ಲೆಕ್ಕ ಇರ್ತದೆ. 'ಇಂದಿನ ಪೆಟ್ರೋಲ್ ಹೊಗೆಯ ಸೀಸ' ಸಹ ತಪ್ಪು, ಸೀಸ ಹಾಕಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲೇ ನಿಂತಿದೆ. ಆದ್ರೆ ಸೀಸ ಕೊಳೆತು ಹೋಗುವ ವಸ್ತು ಅಲ್ಲ, ಹಳೇದು ರಸ್ತೆ ಬದಿ ಮಣ್ಣಲ್ಲಿ ಇನ್ನೂ ಉಳಿದಿರ್ತದೆ, ಹಾಗಂತ ಬರೀರಿ.

ನನಗೆ ನಿಜವಾಗಿ ಬೇಜಾರಾದದ್ದು ಜಪಾನಿನ ಮಿನಮಾಟಾ ಊರಿನ ಕಥೆ. '1956ರ ಜಪಾನ್ ದುರಂತ' ಅಂತ ಮೂರು ಶಬ್ದದಲ್ಲಿ ಮುಗಿಸಿದ್ದೀರಲ್ಲ, ಫ್ಯಾಕ್ಟರಿಯ ಪಾದರಸ ಕೊಲ್ಲಿಗೆ ಸೇರಿ ಅಲ್ಲಿ ಜನಕ್ಕಿಂತ ಮೊದಲು ಬೆಕ್ಕುಗಳು ಕುಣಿದ ಹಾಗೆ ತತ್ತರಿಸಿ ಬಿದ್ದದ್ದು! ಬೆಕ್ಕು ಕಾಡುಪ್ರಾಣಿ ಅಲ್ಲ, ಗೊತ್ತುಂಟು. ಆದ್ರೆ ಆ ಬೆಕ್ಕು ತಿಂದದ್ದು ಅದೇ ಕೊಲ್ಲಿಯ ಮೀನು, ಮೀನುಗಾರರು ಬಟ್ಟಲಲ್ಲಿ ಹಾಕಿಕೊಂಡದ್ದೂ ಅದೇ. ತಿಂದ ಮೀನು ಎಲ್ಲಿಯದ್ದು ಅಂತ ಅಲ್ಲಿ ಗೊತ್ತಿತ್ತು, ನಿಮ್ಮ ಗರುಡನ ವಿಷಯದಲ್ಲಿ ಇಲ್ಲದ್ದು ಇದೇ.

'ಬನ್ನಿ ಎಚ್ಚೆತ್ತುಕೊಳ್ಳೋಣ' ಪ್ಯಾರಾ ಕಟ್. ಸಾವಿರ ಶಬ್ದ ಸಾಕು. ಬರೆಯುವ ಮೊದಲು ಬೆಳಿಗ್ಗೆ ಒಮ್ಮೆ ಧಕ್ಕೆಗೆ ಹೋಗಿ, ಗರುಡ ಯಾವ ಬುಟ್ಟಿಗೆ ಕೈ ಹಾಕ್ತದೆ ನೋಡಿ, ಆ ಬುಟ್ಟಿಯವರ ಹತ್ರ ಮೀನು ಎಲ್ಲಿಂದ ಬಂದದ್ದು ಅಂತ ಕೇಳ್ಕೊಂಡು ಬನ್ನಿ.