ಕಾಫಿ ರುಚಿಯನ್ನು ಆನ್‌ಲೈನ್‌ನಲ್ಲಿ ಕಲಿಸಲು ಆಗುತ್ತಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಬೀಜ ನಾವೇ ಹುರಿದು ಪುಡಿ ಮಾಡಿ ಮಾರುತ್ತೇವೆ. ಕಾಫಿ ರುಚಿ ನೋಡುವುದನ್ನೂ ಕಾಫಿ ಮಾಡುವುದನ್ನೂ ಕನ್ನಡದಲ್ಲೇ ಆನ್‌ಲೈನ್ ಕೋರ್ಸ್ ಮಾಡಿ ಕಲಿಸುವ ಆಸೆ. 20 ವಿಡಿಯೊಗಳ ಪಟ್ಟಿ ಸಿದ್ಧವಾಗಿದೆ. ಆದರೆ ರುಚಿಯನ್ನು ಫೋನಿನಲ್ಲಿ ತೋರಿಸೋದು ಹೇಗೆ?

ಉತ್ತರ: ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಮೊದಲು ಪಾರ್ಸೆಲ್‌ನಲ್ಲಿ ಏನು ಹೋಗಬೇಕು ಅಂತ ಯೋಚಿಸಿ. ಹುಬ್ಬಳ್ಳಿಯಲ್ಲಿ ಕೂತವರೂ ದುಬೈನಲ್ಲಿ ಕೂತವರೂ ಒಂದೇ ದಿನ ಹುರಿದ ಒಂದೇ ಬೀಜದ ಕಾಫಿ ಕುಡಿಯುತ್ತಿದ್ದರೆ ನಿಮ್ಮ ಮಾತು ಅವರಿಗೆ ಅರ್ಥವಾಗುತ್ತದೆ. ಇಲ್ಲದಿದ್ದರೆ ಸುಮ್ನೆ ಕೇಳಿಸಿಕೊಂಡು ಹೋಗುತ್ತಾರೆ.

ತೋಟ ಇರುವುದರಿಂದ ನಿಮಗೆ ಒಂದು ಅನುಕೂಲವಿದೆ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ನಾಲ್ಕನ್ನೂ ಒಂದೇ ಹದಕ್ಕೆ ಹುರಿದು ಕಳಿಸಿ. ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್‌ಗೂ ಹಣ್ಣನ್ನೇ ಇಡಿಯಾಗಿ ಒಣಗಿಸಿದ ಚೆರಿಗೂ ರುಚಿ ಎಷ್ಟು ಬೇರೆ ಅನ್ನೋದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ. ಪೊಟ್ಟಣದ ಮೇಲೆ ಬರೀ ನಂಬರ್ ಇರಲಿ. ಹೆಸರು ಓದಿದರೆ ಜನ ಹೆಸರನ್ನೇ ಕುಡಿಯುತ್ತಾರೆ.

ಮೊದಲ ಪಾಠಕ್ಕೆ ಕಾಫಿಯೇ ಬೇಡ. ಹೊಸಬರು ಹುಳಿಯನ್ನು ಕಹಿ ಅನ್ನೋದು, ಕಹಿಯನ್ನು ಹುಳಿ ಅನ್ನೋದು ನನ್ನ ತರಗತಿಗಳಲ್ಲಿ ತುಂಬಾ ಸಲ ಆಗಿದೆ. ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ ಹಾಕಿಸಿ. ಇನ್ನೊಂದರಲ್ಲಿ ರಾತ್ರಿ ಮೆಂತ್ಯ ನೆನೆಸಿದ ನೀರು. ಮೂರನೆಯದರಲ್ಲಿ ಆರಿದ ಗಟ್ಟಿ ಕಪ್ಪು ಟೀ. ಹುಳಿ, ಕಹಿ, ಒಗರು. ಈ ಒಗರು ಇದೆಯಲ್ಲ, ಅದು ನಾಲಿಗೆಯನ್ನು ಹಿಡಿದು ಒಣಗಿಸುತ್ತದೆ. ಗೇರುಹಣ್ಣು ತಿಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಕಲಿಸುವಾಗ ಇಂಥ ಪದಗಳೇ ನಿಮ್ಮ ಬಲ. ಬ್ಲೂಬೆರಿ ತಿನ್ನದವರಿಗೆ ಬ್ಲೂಬೆರಿ ಪರಿಮಳ ಅಂದರೆ ಏನು ಸಿಗುತ್ತೆ? ನೇರಳೆ, ಹುಣಸೆ, ಜೋನಿಬೆಲ್ಲ, ಹುರಿದ ಶೇಂಗಾ ಅಂತ ಅವರ ಬಾಯಿಂದಲೇ ಬರಲಿ.

ಆಮೇಲೆ ಕಪ್ಪಿಂಗ್, ಅಂದರೆ ಕಪ್‌ನಲ್ಲಿರುವ ಪುಡಿಗೆ ಬಿಸಿನೀರು ಸುರಿದು, ಸೋಸದೆ ರುಚಿ ನೋಡುವುದು. ಇದನ್ನು ವಿಡಿಯೊ ಮಾಡಿ ಬಿಡಬೇಡಿ, ಎಲ್ಲರೂ ಒಟ್ಟಿಗೆ ಲೈವ್ ಆಗಿ ಮಾಡಿ. 150 ಮಿಲಿ ನೀರಿಗೆ 8.25 ಗ್ರಾಂ ಪುಡಿ. ನೀರು ಸುಮಾರು 93 ಡಿಗ್ರಿ ಇರಲಿ. 4 ನಿಮಿಷಕ್ಕೆ ಮೇಲೆ ಪುಡಿಯ ಕೆನೆ ಕಟ್ಟಿರುತ್ತದೆ. ಮೂಗನ್ನು ಕಪ್‌ಗೆ ತಾಗುವಷ್ಟು ಹತ್ತಿರ ತಂದು ಚಮಚದ ಬೆನ್ನಿನಿಂದ ಆ ಕೆನೆಯನ್ನು ಒಡೆಯಬೇಕು. ಆಗ ಬರುವ ಪರಿಮಳ ಒಂದೆರಡು ಉಸಿರಿನಷ್ಟೇ ಹೊತ್ತು. ಎಲ್ಲರೂ ಮೈಕ್ ಆಫ್ ಮಾಡಿ ಸುಮ್ಮನಿರಲಿ. ಕೆನೆ ತೆಗೆದು, ಸ್ವಲ್ಪ ಆರಿದ ಮೇಲೆ ಸೊರ್ರ್ ಅಂತ ಜೋರಾಗಿ ಹೀರಬೇಕು. ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಹೀರಿಸಿ. ಬಿಸಿಯಲ್ಲಿ ಅಡಗಿದ್ದ ದೋಷ ಆಗ ಸಿಕ್ಕಿಬೀಳುತ್ತದೆ.

ಕಾಫಿ ಮಾಡುವ ಪಾಠದಲ್ಲಿ ಕೆಡಿಸಲು ಬಿಡಿ. ಒಂದೇ ಪುಡಿ. ಒಮ್ಮೆ ಫಿಲ್ಟರ್‌ಗೆ ಸಡಿಲವಾಗಿ ಹಾಕಿ, ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಡಿಕಾಕ್ಷನ್ ಇಳಿಸಲಿ. ಒಂದು ನೀರಾಗಿ ಬೇಗ ಇಳಿಯುತ್ತದೆ, ಇನ್ನೊಂದು ತೊಟ್ಟಿಕ್ಕುತ್ತಲೇ ಇರುತ್ತದೆ. ಎರಡನ್ನೂ ಕುಡಿದವರು ಹದವನ್ನು ಮರೆಯೋದಿಲ್ಲ. ಚಿಕೋರಿಯನ್ನು ಬೇರೆ ಪೊಟ್ಟಣದಲ್ಲೇ ಕಳಿಸಿ. ಏನೂ ಬೆರೆಸದೆ ಒಮ್ಮೆ, ನೂರರಲ್ಲಿ 20 ಭಾಗ ಒಮ್ಮೆ, 40 ಭಾಗ ಒಮ್ಮೆ ಬೆರೆಸಿ ನೋಡಲಿ. ಚಿಕೋರಿ ಬೆರೆತ ಪುಡಿಯಲ್ಲಿ ಕನಿಷ್ಠ 51 ಭಾಗ ಕಾಫಿ ಇರಲೇಬೇಕು ಅನ್ನೋದು ನಿಯಮ. ಆ ಅಂಕಿಯ ಅರ್ಥ ಅವರಿಗೆ ಲೋಟದಲ್ಲೇ ತಿಳಿಯುತ್ತದೆ. ಹಾಲು, ಸಕ್ಕರೆ ಕೊನೆಯ ವಾರಕ್ಕೆ.

ನೀವು ಹಾಕಿದ ಪಟ್ಟಿಯಿಂದ ಐದಾರು ವಿಡಿಯೊ ಉಳಿಸಿಕೊಳ್ಳಿ. ಬೀಜ ಹುರಿಯುವುದು, ಪುಡಿಯ ತರಿ, ತೋಟದ ಕೆಲಸ, ಇಷ್ಟು ಸಾಕು. ಒಂದು ಬ್ಯಾಚ್‌ಗೆ 12 ಜನಕ್ಕಿಂತ ಜಾಸ್ತಿ ಬೇಡ, ಎಲ್ಲರ ಮಾತೂ ನಿಮಗೆ ಕೇಳಿಸಬೇಕು ಅಲ್ವಾ?

ಸರ್ಟಿಫಿಕೇಟ್ ಕೊಡುವುದಾದರೆ ಬರವಣಿಗೆಯ ಪರೀಕ್ಷೆ ಇಡಬೇಡಿ. ಮೂರು ಕಪ್, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಮನೆಯವರು ಯಾರಾದರೂ ಸುರಿದುಕೊಡಲಿ, ಕಲಿತವರು ಬೇರೆಯದನ್ನು ಹುಡುಕಲಿ. ಒಮ್ಮೆ ಸರಿಯಾದರೆ ಅದೃಷ್ಟವೂ ಇರಬಹುದು. ಆರು ಸಲ ಮಾಡಿಸಿ.