ಆರು ಜನ, ಹನ್ನೆರಡು ದಿನ: ಜರ್ಮನಿಯಲ್ಲಿ ಯಾವ ರೈಲು ಟಿಕೆಟ್ ತೆಗೆದುಕೊಳ್ಳಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ನೀವು, ನಿಮ್ಮ ಯಜಮಾನರು, ಅತ್ತೆ ಮಾವ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಏಪ್ರಿಲ್ 25ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಕಲೋನ್, ಬರ್ಲಿನ್, ಮ್ಯೂನಿಕ್ ನೋಡಿಕೊಂಡು ಮೇ 6ಕ್ಕೆ ಮತ್ತೆ ಫ್ರಾಂಕ್‌ಫರ್ಟ್‌ನಿಂದ ವಾಪಸ್. ಗೊತ್ತುಮಾಡಿದಷ್ಟು ದಿನ ಬೇಕಾದ ರೈಲು ಹತ್ತಬಹುದಾದ ರೈಲ್ ಪಾಸ್ ತೆಗೆದುಕೊಳ್ಳುವುದಾ, ತಿಂಗಳ ಡಾಯ್ಚ್‌ಲ್ಯಾಂಡ್ ಟಿಕೆಟ್ ಸಾಕಾ, ಅಥವಾ ಒಂದೊಂದೇ ಟಿಕೆಟ್ ಮಾಡಿಸುವುದಾ ಅಂತ ಕೇಳಿದ್ದೀರಿ. ನಾನು ಎಂಟು ವರ್ಷದಿಂದ ಮ್ಯೂನಿಕ್‌ನಲ್ಲಿದ್ದೇನೆ. ಪ್ರತಿ ಬೇಸಿಗೆಗೆ ಊರಿನಿಂದ ಯಾರಾದರೂ ಬರುತ್ತಾರೆ, ಅವರ ಟಿಕೆಟ್ ಎಲ್ಲ ನಾನೇ ಮಾಡುವುದು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದೂರದ ಊರಿಗೆ ಹೋಗುವ ನಾಲ್ಕು ದಿನಕ್ಕೆ ಈಗಲೇ ಒಂದೊಂದೇ ಟಿಕೆಟ್ ಮಾಡಿಸಿ. ಸುತ್ತಮುತ್ತ ತಿರುಗುವ ದಿನಗಳಿಗೆ ಆಯಾ ದಿನವೇ ಗುಂಪಿನ ಡೇ ಟಿಕೆಟ್ ತೆಗೆದುಕೊಳ್ಳಿ. ಪಾಸ್ ಬೇಡ. ಮತ್ತೆ, ಯಾವ ರೈಲು ಅಂತ ಆರಿಸುವಾಗ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿ.

ಕೊನೆಯ ಮಾತು ಯಾಕೆ ಹೇಳಿದೆ ಅಂದರೆ, ನಾನು ಅದನ್ನು ಮರೆತಿದ್ದೆ. ಎರಡು ವರ್ಷದ ಹಿಂದೆ ಅಪ್ಪ ಅಮ್ಮ ಬಂದಿದ್ದಾಗ ನೇರ ರೈಲು ಬಿಟ್ಟು, ನಡುವೆ ಒಂದು ಕಡೆ ಬದಲಾಯಿಸುವ ಟಿಕೆಟ್ ತೆಗೆದುಕೊಂಡೆ. ತಲೆಗೆ ಹದಿನಾಲ್ಕು ಯೂರೋ ಉಳಿಯುತ್ತಿತ್ತು. ಬದಲಾಯಿಸಲು ಎಂಟು ನಿಮಿಷ ಇತ್ತು. ನಾನೊಬ್ಬನೇ ಇದ್ದರೆ ಎಂಟು ನಿಮಿಷದಲ್ಲಿ ಕಾಫಿ ಕುಡಿದು ಹತ್ತುತ್ತೇನೆ. ಆದರೆ ಅಪ್ಪನಿಗೆ ಮಂಡಿ ನೋವು. ರೈಲು ಸರಿಯಾದ ಹೊತ್ತಿಗೇ ಬಂತು. ನಾವು ಇಳಿದ ಕಡೆ ಬರೀ ಮೆಟ್ಟಿಲು. ಲಿಫ್ಟ್ ಪ್ಲಾಟ್‌ಫಾರ್ಮ್‌ನ ಆ ತುದಿಯಲ್ಲಿ. ಅಪ್ಪ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯಲು ಶುರು ಮಾಡಿದರು, ಅಮ್ಮ ಒಂದು ಕೈಯಲ್ಲಿ ಬುತ್ತಿ ಚೀಲ, ಇನ್ನೊಂದು ಕೈ ಅವರ ಬೆನ್ನ ಮೇಲೆ. ನಾನು ಎರಡು ಸೂಟ್‌ಕೇಸ್ ಕೆಳಗಿಟ್ಟು ಮತ್ತೆ ಮೇಲೆ ಓಡಿ ಮೂರನೆಯದು ತಂದೆ. ಆ ಕಡೆ ಪ್ಲಾಟ್‌ಫಾರ್ಮ್ ಹತ್ತಿದಾಗ ರೈಲಿನ ಬಾಗಿಲು ಮುಚ್ಚಿತ್ತು. ಕಣ್ಣೆದುರೇ ಹೊರಟಿತು. ತಡ ಮಾಡಿದ್ದು ರೈಲಲ್ಲ, ನಾವು. ಹಾಗಾಗಿ ಆ ಅಗ್ಗದ ಟಿಕೆಟ್ ಮುಂದಿನ ರೈಲಿಗೆ ನಡೆಯುವುದಿಲ್ಲ. ಹೊಸ ಟಿಕೆಟ್ ತೆಗೆದುಕೊಂಡೆ. ದುಡ್ಡು ಹೋಗಿದ್ದು ಹೋಗಲಿ. ಬೆಂಚಿನ ಮೇಲೆ ಕೂತು ಅಪ್ಪ "ನನ್ನಿಂದ ತಡ ಆಯ್ತು ಕಣೋ" ಅಂದರು. ಅದು ಇವತ್ತಿಗೂ ನನಗೆ ನೋವು. ತಪ್ಪು ಅವರದಲ್ಲ, ಎಂಟು ನಿಮಿಷ ಸಾಕು ಅಂದುಕೊಂಡ ನನ್ನದು.

ಈಗ ವಿಷಯಕ್ಕೆ ಬರೋಣ. ನಮ್ಮಲ್ಲಿ ಟಿಕೆಟ್ ಕನ್ಫರ್ಮ್ ಆಯಿತು ಅಂದರೆ ಬರ್ತ್ ಸಿಕ್ಕಿತು ಅಂತ ಅರ್ಥ. ಜರ್ಮನಿಯಲ್ಲಿ ಹಾಗಲ್ಲ. ಟಿಕೆಟ್ ಅಂದರೆ ಪ್ರಯಾಣ ಮಾಡಬಹುದು ಅಂತ ಅಷ್ಟೇ. ಸೀಟು ಬೇರೆ, ಅದಕ್ಕೆ ದುಡ್ಡೂ ಬೇರೆ. ವೇಟಿಂಗ್ ಲಿಸ್ಟ್, ತತ್ಕಾಲ್ ಇಲ್ಲಿಲ್ಲ. ರೈಲು ತುಂಬಿದ್ದರೂ ಹತ್ತಬಹುದು, ಆದರೆ ನಿಂತುಕೊಂಡೇ ಹೋಗಬೇಕಾಗಬಹುದು. ಊರಿನಿಂದ ಬಂದವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಟಿಕೆಟ್ ಕೈಯಲ್ಲಿದೆ, ಸೀಟು ಎಲ್ಲಿ ಅಂತ ಹುಡುಕುತ್ತಾ ನಿಲ್ಲುತ್ತಾರೆ.

ಎರಡನೇ ದರ್ಜೆಯಲ್ಲಿ ಒಂದು ಸೀಟು ಕಾಯ್ದಿರಿಸಲು 5.50 ಯೂರೋ. ಮೊದಲು ಕುಟುಂಬಕ್ಕೆಲ್ಲ ಸೇರಿ ಒಂದೇ ದರ ಇತ್ತು. 2025ರ ಜೂನ್‌ನಲ್ಲಿ ಅದನ್ನು ತೆಗೆದುಹಾಕಿದರು, ಮಕ್ಕಳಿರುವ ಮನೆಯವರಿಗೆ ಅದೊಂದು ಪೆಟ್ಟು. ಈಗ ನಿಮ್ಮ ಆರು ಸೀಟಿಗೆ ಒಂದು ಸಲಕ್ಕೆ 33 ಯೂರೋ ಆಗುತ್ತದೆ. ಜಾಸ್ತಿ ಅನ್ನಿಸಬಹುದು, ಆದರೂ ದೂರದ ನಾಲ್ಕೂ ಪ್ರಯಾಣಕ್ಕೆ ಮಾಡಿಸಿ. ನಾಲ್ಕು ವರ್ಷದ ಮಗನಿಗೆ ಟಿಕೆಟ್ ಬೇಡ, ಸೀಟು ಮಾತ್ರ ಬೇಕು. ನಾಲ್ಕು ಗಂಟೆ ತೊಡೆಯ ಮೇಲೆ ಕೂರಿಸಿಕೊಳ್ಳಲು ಆಗುವುದಿಲ್ಲ. ಸೀಟು ಆರಿಸುವಾಗ ಟೇಬಲ್ ಇರುವ ಎದುರುಬದುರು ಸೀಟು ಅಥವಾ ಕುಟುಂಬಗಳಿಗೆ ಅಂತಲೇ ಇರುವ ಭಾಗ ಸಿಗುತ್ತದಾ ನೋಡಿ. ರೈಲು ಹೊರಟು 15 ನಿಮಿಷದೊಳಗೆ ಹೋಗಿ ಕೂರಬೇಕು, ಇಲ್ಲದಿದ್ದರೆ ಬೇರೆಯವರು ಕೂರಬಹುದು.

ಇನ್ನು ಟಿಕೆಟ್ ದರ. ಇಲ್ಲಿನ ಸರ್ಕಾರಿ ರೈಲು ಸಂಸ್ಥೆ ಡಾಯ್ಚ ಬಾನ್‌ನ ದೂರದ ರೈಲುಗಳು ಅಂದರೆ ಐಸಿಇ, ಐಸಿ, ಇಸಿ. ಇವುಗಳಲ್ಲಿ ಮೂರು ಬಗೆಯ ದರ. ಎಲ್ಲಕ್ಕಿಂತ ಅಗ್ಗ ಸೂಪರ್ ಸ್ಪಾರ್‌ಪ್ರೈಸ್, ಅದನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವುದಿಲ್ಲ. ಸ್ಪಾರ್‌ಪ್ರೈಸ್ ಸ್ವಲ್ಪ ದುಬಾರಿ, ಪ್ರಯಾಣದ ಹಿಂದಿನ ದಿನದವರೆಗೆ 10 ಯೂರೋ ಕೊಟ್ಟು ರದ್ದು ಮಾಡಬಹುದು. ಈ ಎರಡರಲ್ಲೂ ಟಿಕೆಟ್ಟಿನಲ್ಲಿ ಬರೆದ ರೈಲಿನಲ್ಲೇ ಹೋಗಬೇಕು. ಫ್ಲೆಕ್ಸ್‌ಪ್ರೈಸ್ ಆದರೆ ಆ ದಿನ ಯಾವ ರೈಲಾದರೂ ಸರಿ, ಬೆಲೆ ಮಾತ್ರ ಎರಡು ಮೂರು ಪಟ್ಟು ಆಗುವುದುಂಟು. ಅಗ್ಗದ ಎರಡರ ದರ ವಿಮಾನದ ಟಿಕೆಟ್ಟಿನ ಹಾಗೆ ಏರುತ್ತಾ ಹೋಗುತ್ತದೆ. ಮೇ 1 ಇಲ್ಲೂ ಕಾರ್ಮಿಕರ ದಿನದ ರಜೆ, ಅದರ ಹಿಂದೆ ಮುಂದೆ ರೈಲು ತುಂಬಿರುತ್ತದೆ. ಆ ಹೊತ್ತಿನ ಟಿಕೆಟ್ ಮೊದಲು ಮಾಡಿಸಿ.

ಮನೆಯಲ್ಲಿ ಹಿರಿಯರು ಇದ್ದಾರೆ, ಒಂದು ಜ್ವರ ಬಂದರೂ ಯೋಜನೆ ಬದಲಾಗುತ್ತದೆ ಅಲ್ವಾ? ಅದಕ್ಕೆ ನಾನು ಸೂಪರ್ ಬಿಟ್ಟು ಸ್ಪಾರ್‌ಪ್ರೈಸ್ ಅನ್ನೇ ತೆಗೆದುಕೊಳ್ಳುತ್ತೇನೆ. ಎರಡಕ್ಕೂ ವ್ಯತ್ಯಾಸ ತೀರಾ ದೊಡ್ಡದಿದ್ದರೆ ಮಾತ್ರ ಯೋಚಿಸಿ. ಮಗಳ ಹೆಸರಲ್ಲಿ ದುಡ್ಡು ಕೊಡಬೇಕಾಗಿಲ್ಲ, 6ರಿಂದ 14 ವರ್ಷದ ಮಕ್ಕಳು ಅಪ್ಪ ಅಮ್ಮನ ಜೊತೆ ದೂರದ ರೈಲಿನಲ್ಲಿ ಉಚಿತ. ಆದರೆ ಬುಕ್ ಮಾಡುವಾಗಲೇ ಅವಳನ್ನು ಸೇರಿಸಬೇಕು. ಉಚಿತ ತಾನೇ ಅಂತ ಬಿಟ್ಟುಬಿಡಬೇಡಿ. ಅಂದರೆ ನೀವು ದುಡ್ಡು ಕೊಡುವುದು ನಾಲ್ಕೇ ಜನಕ್ಕೆ.

ಡಾಯ್ಚ ಬಾನ್‌ನ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಬುಕ್ ಮಾಡುವಾಗ ನೇರ ರೈಲು ಮಾತ್ರ ತೋರಿಸು ಅಂತ ಒಂದು ಆಯ್ಕೆ ಇದೆ, ಅದನ್ನು ಒತ್ತಿ. ನಿಮ್ಮ ನಾಲ್ಕೂ ದಾರಿಗೆ ಸಾಮಾನ್ಯವಾಗಿ ನೇರ ರೈಲಿದೆ. ಕಲೋನ್‌ನಿಂದ ಬರ್ಲಿನ್ ನಾಲ್ಕೂವರೆ ಗಂಟೆ, ಹಳಿ ದುರಸ್ತಿ ಇದ್ದರೆ ಇನ್ನೂ ಜಾಸ್ತಿ. ಬರ್ಲಿನ್‌ನಿಂದ ಮ್ಯೂನಿಕ್, 2017ರ ಡಿಸೆಂಬರ್‌ನಲ್ಲಿ ಹೊಸ ಮಾರ್ಗ ಶುರುವಾದ ಮೇಲೆ, ವೇಗದ ಐಸಿಇಯಲ್ಲಿ ನಾಲ್ಕೇ ಗಂಟೆ. ನೇರ ರೈಲು ಸಿಗದೆ ಬದಲಾಯಿಸಲೇಬೇಕಾದರೆ ಬದಲಾಯಿಸುವ ಸಮಯವನ್ನು ಕನಿಷ್ಠ 30 ನಿಮಿಷ ಅಂತ ಹಾಕಿ ಹುಡುಕಿ, ಆ ಸೌಲಭ್ಯವೂ ಅಲ್ಲೇ ಇದೆ. ಮತ್ತೆ ಎರಡು ತುಂಡು ಟಿಕೆಟ್ ಮಾಡಬೇಡಿ, ಹೊರಡುವ ಊರಿನಿಂದ ಸೇರುವ ಊರಿಗೆ ಒಂದೇ ಟಿಕೆಟ್ ಇರಲಿ. ಇಲ್ಲಿ ರೈಲು ತಡವಾಗುವುದು ಮಾಮೂಲು. 2024ರಲ್ಲಿ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ನೂರಕ್ಕೆ 62.5, ಅದೂ ಆರು ನಿಮಿಷದೊಳಗಿನ ತಡವನ್ನು ಲೆಕ್ಕಕ್ಕೆ ಹಿಡಿಯದೆ. ಸೇರುವ ಊರಿಗೆ 20 ನಿಮಿಷ ಅಥವಾ ಹೆಚ್ಚು ತಡವಾಗುತ್ತದೆ ಅಂತ ಗೊತ್ತಾದರೆ ಅದೇ ರೈಲಿನಲ್ಲಿ ಹೋಗಬೇಕೆಂಬ ಕಟ್ಟುಪಾಡು ಹೋಗುತ್ತದೆ, ಬೇರೆ ರೈಲು ಹತ್ತಬಹುದು. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಕಾಲುಭಾಗ, ಎರಡು ಗಂಟೆಯಾದರೆ ಅರ್ಧ ವಾಪಸ್ ಕೇಳಬಹುದು.

ಫ್ರಾಂಕ್‌ಫರ್ಟ್‌ನಿಂದ ಕಲೋನ್‌ಗೆ ಮಾತ್ರ ನನ್ನದೊಂದು ಆಸೆ ಹೇಳುತ್ತೇನೆ. ಇಲ್ಲಿ ಎರಡು ದಾರಿ. ಒಂದು 2002ರಲ್ಲಿ ಶುರುವಾದ ವೇಗದ ಮಾರ್ಗ, ರೈಲು ಗಂಟೆಗೆ 300 ಕಿಲೋಮೀಟರ್ ಓಡುತ್ತದೆ, ಒಂದು ಒಂದೂಕಾಲು ಗಂಟೆಯಲ್ಲಿ ಕಲೋನ್. ಆದರೆ ಸುರಂಗ, ತಡೆಗೋಡೆ, ಹೆದ್ದಾರಿ ಬಿಟ್ಟರೆ ಕಾಣುವುದು ಕಡಿಮೆ. ಇನ್ನೊಂದು ಮೈಂಟ್ಸ್, ಕೋಬ್ಲೆಂಟ್ಸ್ ಮೇಲೆ ರೈನ್ ನದಿಯ ದಡದಲ್ಲೇ ಹೋಗುವ ಹಳೆಯ ದಾರಿ. ಒಂದು ಗಂಟೆ ಜಾಸ್ತಿ ಹಿಡಿಯುತ್ತದೆ. ಬಿಂಗನ್‌ನಿಂದ ಕೋಬ್ಲೆಂಟ್ಸ್‌ವರೆಗೆ ಎರಡೂ ದಡದ ಗುಡ್ಡದ ಮೇಲೆ ಕೋಟೆಗಳು, ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ನೀರಿನಲ್ಲಿ ಉದ್ದುದ್ದ ಸರಕಿನ ದೋಣಿಗಳು, ಆಚೆ ದಡದಲ್ಲಿ ಲೋರೆಲೈ ಬಂಡೆ. ಈ ಕಣಿವೆ ಯುನೆಸ್ಕೋ ಪಟ್ಟಿಯಲ್ಲಿದೆ. ನೀವು ಉತ್ತರಕ್ಕೆ ಹೋಗುವಾಗ ನದಿ ಬಲಗಡೆ ಬರುತ್ತದೆ, ಸೀಟು ಆ ಕಡೆಯದೇ ಸಿಗುವ ಹಾಗೆ ನೋಡಿ. ಹುಡುಕುವಾಗ ನಡುವಿನ ನಿಲ್ದಾಣ ಅಂತ ಕೋಬ್ಲೆಂಟ್ಸ್ ಹಾಕಿದರೆ ಈ ರೈಲುಗಳು ತೋರಿಸುತ್ತವೆ. ಅಮ್ಮ ಇಡೀ ಪ್ರವಾಸದಲ್ಲಿ ಕಿಟಕಿಯಿಂದ ಮುಖ ತಿರುಗಿಸದೆ ಕೂತಿದ್ದು ಇದೊಂದೇ ದಾರಿಯಲ್ಲಿ. ಚಪಾತಿ ಚಟ್ನಿಪುಡಿ ಕೈಯಲ್ಲೇ ಇತ್ತು, ತಿನ್ನುವುದನ್ನೇ ಮರೆತಿದ್ದರು. ಅಂದ ಹಾಗೆ ರೈಲಿನಲ್ಲಿ ಮನೆಯ ಬುತ್ತಿ ತಿನ್ನಲು ಯಾವ ತೊಂದರೆಯೂ ಇಲ್ಲ, ಎಲ್ಲರೂ ತಿನ್ನುತ್ತಾರೆ.

ಇಳಿದ ದಿನವೇ ಕಲೋನ್‌ಗೆ ಹೊರಡುವ ಯೋಚನೆ ಇದ್ದರೆ ಬಿಡಿ. ವಿಮಾನ ತಡವಾದರೆ ರೈಲು ಟಿಕೆಟ್ ಹೋಗುತ್ತದೆ. ವಿಮಾನ ನಿಲ್ದಾಣದಿಂದ ಊರೊಳಗೆ ಲೋಕಲ್ ರೈಲು ಎಸ್-ಬಾನ್‌ನಲ್ಲಿ ಕಾಲು ಗಂಟೆ. ಒಂದು ರಾತ್ರಿ ಅಲ್ಲೇ ಮಲಗಿ, ಮಾರನೇ ದಿನ ಹೊರಡಿ.

ಡಾಯ್ಚ್‌ಲ್ಯಾಂಡ್ ಟಿಕೆಟ್ ಬಗ್ಗೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2026ರ ಜನವರಿಯಿಂದ 63. ಇಲ್ಲಿ ಇರುವವರಿಗೆ ಬಹಳ ಒಳ್ಳೆಯದು, ನನ್ನ ಹತ್ತಿರವೂ ಇದೆ. ದೇಶದ ಎಲ್ಲ ಊರಿನ ಬಸ್ಸು, ಟ್ರಾಮು, ಮೆಟ್ರೋ, ಪ್ರಾದೇಶಿಕ ರೈಲು ಎಲ್ಲಕ್ಕೂ ನಡೆಯುತ್ತದೆ. ಆದರೆ ಐಸಿಇಗೆ ನಡೆಯುವುದಿಲ್ಲ. ಬರೀ ಈ ಟಿಕೆಟ್ಟಿನಲ್ಲಿ ಬರ್ಲಿನ್‌ನಿಂದ ಮ್ಯೂನಿಕ್‌ಗೆ ಹೋಗಬೇಕಾದರೆ ಇಡೀ ದಿನ, ಹಲವು ಕಡೆ ಇಳಿದು ಹತ್ತಬೇಕು. ಮಂಡಿ ನೋವಿನವರಿಗೆ, ಸಣ್ಣ ಮಗುವಿಗೆ ಅದು ಬೇಡ. ಇನ್ನೊಂದು ವಿಷಯ, ಇದು ಕ್ಯಾಲೆಂಡರ್ ತಿಂಗಳಿನ ಲೆಕ್ಕ. ನಿಮ್ಮ ಪ್ರವಾಸ ಏಪ್ರಿಲ್ ಕೊನೆಯಲ್ಲಿ ಶುರುವಾಗಿ ಮೇನಲ್ಲಿ ಮುಗಿಯುತ್ತದೆ, ಅಂದರೆ ಎರಡು ತಿಂಗಳು. ಆರು ವರ್ಷ ದಾಟಿದ ಮಗಳಿಗೂ ಬೇಕು. ಐದು ಜನ, 63 ಯೂರೋ, ಎರಡು ತಿಂಗಳು: 630 ಯೂರೋ. ಅದರ ಮೇಲೆ ಐಸಿಇ ಟಿಕೆಟ್ ಬೇರೆ. ಸಾಲದ್ದಕ್ಕೆ ಈ ಟಿಕೆಟ್ ತಿಂಗಳು ತಿಂಗಳು ತಾನಾಗಿ ಮುಂದುವರಿಯುವ ಚಂದಾ, ತಿಂಗಳ 10ನೇ ತಾರೀಕಿನೊಳಗೆ ನಿಲ್ಲಿಸದಿದ್ದರೆ ಮುಂದಿನ ತಿಂಗಳೂ ದುಡ್ಡು ಕಟ್ಟಾಗುತ್ತದೆ. ನಿಮಗೆ ಇದು ಹೊಂದುವುದಿಲ್ಲ.

ರೈಲ್ ಪಾಸ್ ಕೆಟ್ಟದ್ದು ಅಂತ ಅಲ್ಲ. ಬೆಳಗ್ಗೆ ಎದ್ದು ಇವತ್ತು ಎಲ್ಲಿಗೆ ಅಂತ ತೀರ್ಮಾನಿಸುವವರಿಗೆ, ದಿನಾ ಊರು ಬದಲಾಯಿಸುವವರಿಗೆ ಅದು ಸರಿ. ನಿಮ್ಮದು ತಾರೀಕು ಗೊತ್ತಿರುವ ನಾಲ್ಕು ಪ್ರಯಾಣ. ಮುಂಚೆ ಮಾಡಿಸಿದ ಟಿಕೆಟ್ಟೇ ಕಡಿಮೆಗೆ ಬರುತ್ತದೆ. ಪಾಸ್ ಇದ್ದರೂ ಸೀಟಿಗೆ ದುಡ್ಡು ಕೊಡಲೇಬೇಕು.

ಸುತ್ತಾಟದ ದಿನಗಳಿಗೆ ಬೈಯರ್ನ್ ಟಿಕೆಟ್ ಅಂತ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಒಂದು ದಿನ, ಐದು ಜನರವರೆಗೆ, ಬವೇರಿಯಾ ರಾಜ್ಯದ ಎಲ್ಲ ಪ್ರಾದೇಶಿಕ ರೈಲು, ಜೊತೆಗೆ ಮ್ಯೂನಿಕ್‌ನ ಮೆಟ್ರೋ, ಟ್ರಾಮು, ಬಸ್ಸು. ನಾಲ್ಕು ದೊಡ್ಡವರು, ಮಗಳು ಸೇರಿ ಐದು, ಮಗನಿಗೆ ಬೇಕಾಗಿಲ್ಲ. ಲೆಕ್ಕ ಸರಿಹೋಯಿತು. ಇದರಲ್ಲೇ ಫ್ಯೂಸನ್‌ಗೆ ಹೋಗಿ ನೊಯ್‌ಶ್ವಾನ್‌ಸ್ಟೈನ್ ಕೋಟೆ ನೋಡಬಹುದು. ಗಡಿ ದಾಟಿ ಆಸ್ಟ್ರಿಯಾದ ಸಾಲ್ಸ್‌ಬುರ್ಗ್ ನಿಲ್ದಾಣದವರೆಗೂ ನಡೆಯುತ್ತದೆ. ಮುಂಚೆ ಮಾಡಿಸಬೇಕಾಗಿಲ್ಲ, ಮಳೆ ಬಂದರೆ ಮಾರನೇ ದಿನ ಹೋಗಿ. ವಾರದ ದಿನಗಳಲ್ಲಿ ಬೆಳಗ್ಗೆ 9ರ ನಂತರ ಮಾತ್ರ, ಶನಿವಾರ ಭಾನುವಾರ ಮತ್ತು ರಜಾದಿನ ಬೆಳಗಿನ ಜಾವದಿಂದಲೇ. ಟಿಕೆಟ್ ಮೇಲೆ ಎಲ್ಲರ ಹೆಸರು ಬರೆದುಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಬರ್ಲಿನ್‌ನಲ್ಲೂ ಐದು ಜನರ ಒಂದು ದಿನದ ಟಿಕೆಟ್ ಇದೆ. ಪಾಟ್ಸ್‌ಡ್ಯಾಮ್‌ಗೆ ಹೋಗುವ ದಿನ ಊರಾಚೆಗೂ ನಡೆಯುವ ಎಬಿಸಿ ವಲಯದ್ದು ತೆಗೆದುಕೊಳ್ಳಿ.

ಇಲ್ಲಿ ನಿಲ್ದಾಣಕ್ಕೆ ಗೇಟು ಇಲ್ಲ. "ಟಿಕೆಟ್ ಯಾರೂ ಕೇಳಲೇ ಇಲ್ವಲ್ಲ" ಅಂತ ಮಾವನವರು ಖಂಡಿತ ಹೇಳುತ್ತಾರೆ. ಕೇಳುವವರು ಇದ್ದಕ್ಕಿದ್ದಂತೆ ಬರುತ್ತಾರೆ, ಸಿಕ್ಕಿಬಿದ್ದರೆ 60 ಯೂರೋ ದಂಡ. ಊರೊಳಗಿನ ಕೆಲವು ಕಾಗದದ ಟಿಕೆಟ್ಟನ್ನು ಹತ್ತುವ ಮುಂಚೆ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ದುಡ್ಡು ಕೊಟ್ಟು ತೆಗೆದುಕೊಂಡಿದ್ದೀನಿ ಅಂದರೂ ಮುದ್ರೆ ಇಲ್ಲದಿದ್ದರೆ ಒಪ್ಪುವುದಿಲ್ಲ.

ಐಸಿಇ ಹತ್ತುವ ದಿನ ಹದಿನೈದು ನಿಮಿಷ ಮುಂಚೆ ಪ್ಲಾಟ್‌ಫಾರ್ಮ್‌ಗೆ ಹೋಗಿ. ಅಲ್ಲಿ ಎ, ಬಿ, ಸಿ ಅಂತ ಫಲಕಗಳು ತೂಗುತ್ತಿರುತ್ತವೆ. ನಿಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಅಂತ ಮೇಲಿನ ಪರದೆಯಲ್ಲೂ ಆ್ಯಪ್‌ನಲ್ಲೂ ತೋರಿಸುತ್ತಾರೆ. ಅತ್ತೆ ಮಾವನವರನ್ನು ಅಲ್ಲೇ ಕೂರಿಸಿ. ರೈಲು ನಿಲ್ಲುವುದು ಎರಡು ಮೂರು ನಿಮಿಷ. ಹತ್ತುವಾಗ ಮೊದಲು ಹಿರಿಯರು ಮಕ್ಕಳು, ಆಮೇಲೆ ಸೂಟ್‌ಕೇಸ್. ಕೆಲವು ಸಲ ಬೋಗಿಗಳ ಸಾಲು ತಿರುವುಮುರುವಾಗಿ ಬರುತ್ತದೆ, ಅದಕ್ಕೆ ಕೊನೆಯ ಐದು ನಿಮಿಷ ಪರದೆ ನೋಡುತ್ತಲೇ ಇರಿ.

ಕೊನೆಯ ಪ್ರಯಾಣಕ್ಕೆ ಒಂದು ಎಚ್ಚರ. ಮ್ಯೂನಿಕ್‌ನಿಂದ ಫ್ರಾಂಕ್‌ಫರ್ಟ್‌ಗೆ ಬುಕ್ ಮಾಡುವಾಗ ಊರಿನ ಮುಖ್ಯ ನಿಲ್ದಾಣ ಹಾಕಬೇಡಿ, ಫ್ರಾಂಕ್‌ಫರ್ಟ್ ಫ್ಲೂಗ್‌ಹಾಫೆನ್ ಫೆರ್ನ್‌ಬಾನ್‌ಹೋಫ್ ಅಂತ ಇರುವುದನ್ನು ಆರಿಸಿ. ಅದು ವಿಮಾನ ನಿಲ್ದಾಣದ ದೂರದ ರೈಲುಗಳ ನಿಲ್ದಾಣ. ವಿಮಾನ ಮೇ 6ರ ಮಧ್ಯಾಹ್ನ ಇದ್ದರೆ 5ಕ್ಕೇ ಬಂದು ಅಲ್ಲೇ ಹತ್ತಿರ ಉಳಿದುಕೊಳ್ಳಿ. ರಾತ್ರಿಯ ವಿಮಾನವಾದರೆ 6ರ ಬೆಳಗಿನ ರೈಲು ಸಾಕು. ವಿಮಾನದ ಹೊತ್ತು ನೀವು ಬರೆದಿಲ್ಲ. ತಿಳಿಸಿದರೆ ಯಾವ ರೈಲು ಅಂತ ನೋಡಿ ಹೇಳುತ್ತೇನೆ.