ಸಂಶಯ ತೀರಿದ ಮೇಲೆ ಇಗರ್ಜಿಗೆ ಹೋಗ್ತೇನೆ ಅನ್ನಬೇಡಿ

ಕುಮಟಾ ಕಡೆಯ ಕಥೋಲಿಕ ಮನೆ, ಅಪ್ಪ ಹೋದಾಗಿನಿಂದ ದೇವರ ಮೇಲೆ ನಂಬಿಕೆ ನಿಲ್ತಾ ಇಲ್ಲ, ಸಂಶಯ ಇಟ್ಟುಕೊಂಡು ಇಗರ್ಜಿಯ (ಚರ್ಚಿನ) ಪೂಜೆಗೆ ಹೋಗೋದು ಕಪಟ ಅಲ್ವಾ, ಮೊದಲು ಏನು ಓದಿ ಸಂಶಯ ತೀರಿಸಿಕೊಳ್ಳಲಿ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ಪೂಜೆ ಬಿಟ್ಟವನು ನಾನು. ಅದಕ್ಕೇ ನೇರ ಹೇಳ್ತೇನೆ, ಲೆಕ್ಕವೇ ತಪ್ಪು.

ಬಿಟ್ಟವನು ತಾನು ಎರಡೂ ಕಡೆ ತೂಗಿ ನೋಡ್ತಿದ್ದೇನೆ ಅಂದುಕೊಳ್ತಾನೆ. ಆದರೆ ರಾತ್ರಿ ಮೊಬೈಲಿನಲ್ಲಿ ಸಿಗೋದು ಒಂದೇ ಕಡೆಯ ವಾದ. ಶುಭಸಂದೇಶದ (ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ಭಾಗ) ವಾಚನ, ಪರಮಪ್ರಸಾದ (ಪೂಜೆಯಲ್ಲಿ ಯೇಸುವಿನ ಶರೀರ ಅಂತ ಕೊಡುವ ರೊಟ್ಟಿ), ಗಂಡನ ಆತ್ಮಕ್ಕೆ ಅಂತ ವರ್ಷ ವರ್ಷ ಪೂಜೆ ಹೇಳಿಸುವ ಪಕ್ಕದ ಬೆಂಚಿನ ಅಜ್ಜಿ, ಇದ್ಯಾವುದೂ ಆ ತೂಕಕ್ಕೆ ಬರೋದೇ ಇಲ್ಲ. ಶುರುವಿನಲ್ಲಿ ಅಮ್ಮ ಕೇಳ್ತಾರೆ, ಆಮೇಲೆ ಅವರೂ ಸುಮ್ಮನಾಗ್ತಾರೆ. ಹೋಗದಿರೋದು ರೂಢಿಯಾಗ್ತದೆ, ಆ ರೂಢಿಯನ್ನೇ ನಾವು ತೀರ್ಮಾನ ಅಂತ ತಿಳೀತೇವೆ. ಮರಳಿ ಹೋಗೋಣ ಅನ್ನಿಸಿದ ದಿನ ಅಡ್ಡ ಬರೋದು ಸಂಶಯ ಅಲ್ಲ ಮಾರಾಯ್ರೆ, ನಾಚಿಕೆ. "ಇಷ್ಟು ದಿನ ಕಾಣಲೇ ಇಲ್ವಲ್ಲ" ಅಂತ ಬಾಗಿಲಲ್ಲಿ ಯಾರಾದರೂ ಕೇಳಿದರೆ ಏನು ಹೇಳೋದು?

ಬೈಬಲಿನ ಯೋಹಾನ 20ನೇ ಅಧ್ಯಾಯ ಓದಿ. ಸತ್ತ ಯೇಸು ಎದ್ದಿದ್ದಾನೆ ಅಂದರೆ, ಕಣ್ಣಾರೆ ನೋಡದೆ, ಗಾಯ ಮುಟ್ಟದೆ ನಂಬೋದೇ ಇಲ್ಲ ಅಂದ ಶಿಷ್ಯ ತೋಮ, ಎಂಟು ದಿನದ ಮೇಲೂ ಉಳಿದ ಶಿಷ್ಯರ ಜೊತೆಗೇ ಇದ್ದ. ಅವರೂ ಅವನನ್ನು ಹೊರಗೆ ಹಾಕಲಿಲ್ಲ. ಯೇಸು ಅವನಿಗೆ ಕಂಡದ್ದು ಆ ಮನೆಯೊಳಗೇ. ಇಲ್ಲದ ನಂಬಿಕೆಯನ್ನು ಇದೆ ಅಂತ ತೋರಿಸಿಕೊಂಡರೆ ಕಪಟ. ಹಿಂದಿನ ಬೆಂಚಿನಲ್ಲಿ ಕೂತು "ನನಗೆ ನಂಬಿಕೆ ಸಾಲದು, ನೀನೇ ಸಹಾಯ ಮಾಡು" ಅಂದರೆ ಅದು ಪ್ರಾರ್ಥನೆ. ಮಾರ್ಕ 9:24ರಲ್ಲಿ ರೋಗಿ ಹುಡುಗನ ಅಪ್ಪ ಕೂಗಿಕೊಂಡದ್ದು ಇದನ್ನೇ, ಹುಡುಗ ಗುಣವಾದ. ನಿಮಗೆ ಯಾರಾದರೂ ಯಾಕೋಬ 1:6 ತೋರಿಸಿ, ಸಂಶಯಪಡುವವನು ಸಮುದ್ರದ ತೆರೆ ಇದ್ದ ಹಾಗೆ ಅಂತ ಹೆದರಿಸಿದರೆ, ಸಂಶಯಪಡುವವರಿಗೆ ಕರುಣೆ ತೋರಿಸಿ ಅನ್ನುವ ಯೂದನ ಪತ್ರದ 22ನೇ ವಚನ ತೋರಿಸಿ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (ಕಥೋಲಿಕ ನಂಬಿಕೆಯನ್ನು ವಿವರಿಸುವ ಅಧಿಕೃತ ಪುಸ್ತಕ, ಪರಿಚ್ಛೇದ 2088) ತಾನಾಗಿ ಬರುವ ಸಂಶಯವನ್ನೂ ಬೇಕಂತಲೇ ನಂಬಲೊಲ್ಲದ ಹಟವನ್ನೂ ಬೇರೆ ಬೇರೆ ಇಟ್ಟೇ ಮಾತಾಡ್ತದೆ.

ಈಗ ಮಾಡಬೇಕಾದ್ದು. ನಿಮ್ಮ ಸಂಶಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಯೇಸು ನಿಜಕ್ಕೂ ಎದ್ದನಾ" ಅನ್ನೋದಾದರೆ ಓದಿನಿಂದ ಉಪಯೋಗ ಉಂಟು: ಪೌಲನ ಪತ್ರ 1 ಕೊರಿಂಥ 15:3-8ರಿಂದ ಶುರುಮಾಡಿ. ಘಟನೆಯಾಗಿ ಸುಮಾರು 25 ವರ್ಷಕ್ಕೆ ಬರೆದದ್ದು, ಕಂಡವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಂತ ಪೌಲ ಅಲ್ಲೇ ಹೇಳ್ತಾನೆ. "ನಮ್ಮಪ್ಪನನ್ನೇ ಯಾಕೆ ಕರಕೊಂಡೆ" ಅನ್ನೋದಾದರೆ ವಾದದ ಪುಸ್ತಕ ಪಕ್ಕಕ್ಕಿಡಿ, ಅದು ದುಃಖ. ಕೀರ್ತನೆ 88 ಗಟ್ಟಿಯಾಗಿ ಓದಿ. ಅದರ ಕೊನೆಯಲ್ಲೂ ಕತ್ತಲೆಯೇ, ಸಮಾಧಾನದ ಒಂದು ಸಾಲೂ ಇಲ್ಲ, ಆದರೂ ಅದು ಬೈಬಲಿನಲ್ಲಿದೆ. ಶವಸಂಸ್ಕಾರದ ಹೊತ್ತಿಗೆ ಯಾರೋ ಆಡಿದ ಮಾತು ಚುಚ್ಚಿದ್ದಾದರೆ ಅದು ದೇವರ ಮೇಲಿನ ಸಂಶಯವೇ ಅಲ್ಲ, ಆ ಮನುಷ್ಯನ ಹತ್ತಿರವೇ ಮಾತಾಡಿ.

ಮಾರ್ಕನ ಶುಭಸಂದೇಶ ದಿನಕ್ಕೊಂದು ಅಧ್ಯಾಯ ಓದಿ, 16 ದಿನದಲ್ಲಿ ಮುಗೀತದೆ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಓದಿ, ಅರ್ಥವಾಗದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು ಮುಂದೆ ಹೋಗಿ. ತೇರ್ಸ್ (ಜಪಮಾಲೆ) ಪೂರ್ತಿ ಆಗದಿದ್ದರೆ ಹತ್ತೇ ಮಣಿ ಸಾಕು. ಮನಸ್ಸಿಗೆ ಏನೂ ತಟ್ಟದಿದ್ದರೆ ಗಾಬರಿ ಬೇಡ, ತಾವು ಹತ್ತಾರು ವರ್ಷ ಒಳಗೊಳಗೇ ಕತ್ತಲೆ ಅನುಭವಿಸಿದ್ದನ್ನು ಮದರ್ ತೆರೇಸಾ ಬರೆದಿದ್ದರು, ಆ ಪತ್ರಗಳು 2007ರಲ್ಲಿ ಅಚ್ಚಾದವು. ಯೇಸು ಸಭೆ ಸ್ಥಾಪಿಸಿದ ಸಂತ ಇಗ್ನಾಸಿಯವರ ನಿಯಮವೂ ಇಲ್ಲಿ ಬೇಕು: ಮನಸ್ಸು ಬತ್ತಿದಾಗ ಹಳೆಯ ನಿರ್ಧಾರ ಬದಲಾಯಿಸಬೇಡ. ಪೂಜೆ ಬಿಡುವ ತೀರ್ಮಾನವೂ ಅದರಲ್ಲೇ ಬಂತು.

"ಶುಕ್ರವಾರದೊಳಗೆ ಕೆಲಸ ಸಿಕ್ಕರೆ ನಂಬ್ತೇನೆ" ಅನ್ನುವ ಪಂಥ ಮಾತ್ರ ಕಟ್ಟಬೇಡಿ. ಸಿಕ್ಕರೆ ಕಾಕತಾಳೀಯ ಅನ್ನಿಸ್ತದೆ, ಸಿಗದಿದ್ದರೆ ದೇವರಿಲ್ಲ ಅನ್ನಿಸ್ತದೆ.

ಪಾದ್ರಿಗಳನ್ನು ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಹಿಡೀಬೇಡಿ, ಒಂದೇ ನಿಮಿಷದ ಉತ್ತರ ಸಿಗ್ತದೆ. ವಾರದ ನಡುವೆ ಸಂಜೆ ಅರ್ಧ ಗಂಟೆ ಕೇಳಿಕೊಂಡು, ಬರೆದಿಟ್ಟ ಆ ವಾಕ್ಯ ಹಿಡಿದು ಹೋಗಿ. ಪರಮಪ್ರಸಾದ ತಗೊಳ್ಳಬಹುದಾ ಅನ್ನೋದನ್ನೂ ಅಲ್ಲೇ ಕೇಳಿ, ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಅವರು "ಜಾಸ್ತಿ ಯೋಚನೆ ಮಾಡಬೇಡ" ಅಂದುಬಿಟ್ಟರೆ ಹೊನ್ನಾವರದ್ದೋ ಕಾರವಾರದ್ದೋ ಇಗರ್ಜಿಯಲ್ಲಿ ಬೇರೆಯವರನ್ನು ನೋಡಿ. ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಯ ಫೆಸ್ತಿಗೂ (ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ) ಹೋಗಿ ಬನ್ನಿ, ಅಮ್ಮನನ್ನು ಕರಕೊಂಡು.